88ರ ಮಾರ್ಚ್ 14 ನೋಡು

ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಬಿದ್ದ ಕಾಫಿ ಗಿಡ ಮೊದಮೊದಲು ಏನೂ ಹೇಳುವುದಿಲ್ಲ. ಎಲೆ ಸ್ವಲ್ಪ ಹಳದಿಯಾಗುತ್ತದೆ, ಬಿಸಿಲಿಗೆ ಅಂದುಕೊಳ್ಳುತ್ತೇವೆ. ತುದಿ ಬಾಡುತ್ತದೆ, ಮಳೆ ಬಂದರೆ ಸರಿಹೋಗುತ್ತೆ ಅಂದುಕೊಳ್ಳುತ್ತೇವೆ. 2023ರ ಮಾರ್ಚ್‌ನಲ್ಲಿ ನಮ್ಮ ಮೂರನೇ ಬ್ಲಾಕ್‌ನಲ್ಲಿ ಟ್ರೇಸಿಂಗ್ (ಹುಳ ಬಿದ್ದ ಗಿಡ ಹುಡುಕಿ ಗುರುತು ಹಾಕುವುದು) ಮಾಡಿಸುವಾಗ ಮೇಸ್ತ್ರಿ ಒಂದು ಗಿಡದ ಹತ್ತಿರ ನಿಂತುಬಿಟ್ಟರು. ಕಾಂಡದ ಮೇಲೆ ಹೆಬ್ಬೆರಳು ಆಡಿಸಿದರು. ತೊಗಟೆಯ ಕೆಳಗೆ ಹಗ್ಗ ಸುತ್ತಿದ ಹಾಗೆ ಉಬ್ಬು. ಕತ್ತಿಯ ತುದಿಯಲ್ಲಿ ಕೆರೆದರು. ಒಳಗೆ ಬಿಗಿಯಾಗಿ ತುಂಬಿಕೊಂಡಿದ್ದ ಮರದ ಹುಡಿ ಉದುರಿತು. ಗಿಡವನ್ನು ಬಗ್ಗಿಸಿದರು, ಲಟಕ್ಕಂತ ಮುರಿಯಿತು. ಮುರಿದ ಜಾಗದಲ್ಲಿ ಒಂದು ತೂತು, ಅದರೊಳಗೆ ಕೆನೆ ಬಣ್ಣದ ಹುಳ. “ಇದೊಂದೇ ಅಲ್ಲ ಅಣ್ಣಾ, ಈ ಸಾಲು ಪೂರ್ತಿ ನೋಡ್ಬೇಕು” ಅಂದರು. ಸಂಜೆ ಹೊತ್ತಿಗೆ ಗುರುತು ಬಿದ್ದ ಗಿಡ 140 ಆಯಿತು. ಎಲ್ಲ ಚೆನ್ನಾಗಿ ಕಾಯಿ ಬಿಡುತ್ತಿದ್ದ ಅರೇಬಿಕಾ. ದುಂಬಿ ಹೊರಗೆ ಬರುವುದರೊಳಗೆ ಕಿತ್ತು ಸುಡಬೇಕು, ಬೇರೆ ದಾರಿ ಇಲ್ಲ.

ಗಿಡ ಹೋದದ್ದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಅವತ್ತು ರಾತ್ರಿ ಫೋನಿನಲ್ಲಿ ಸಿಕ್ಕ ಎರಡು ನೋಟುಗಳು. ಒಂದು 2018ರದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಂದು ದಿನದ ತರಬೇತಿಗೆ ಹೋಗಿದ್ದಾಗ ಬರೆದುಕೊಂಡದ್ದು. “ಕಾಂಡಕೊರಕದ ದುಂಬಿಗೆ ಬಿಸಿಲು ಬೇಕು. ನೆರಳು ತೆಳುವಾದ ಕಡೆ ಜಾಸ್ತಿ. ಏಪ್ರಿಲ್-ಮೇ ಒಂದು ಹಾರಾಟ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಕಾಂಡದ ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ.” ಇನ್ನೊಂದು 2020ರ ಬೇಸಿಗೆಯದ್ದು. “ಮೂರನೇ ಬ್ಲಾಕ್ ಪಡುವಣ ಬದಿ ಸಿಲ್ವರ್ ಓಕ್ 38 ಮರ. ವ್ಯಾಪಾರಿ ಹೇಳಿದ ರೇಟು ಪರವಾಗಿಲ್ಲ. ಬೋರ್‌ವೆಲ್ ಸಾಲ ತೀರುತ್ತೆ.”

ಮಧ್ಯಾಹ್ನದ ಮೇಲಿನ ಬಿಸಿಲು ನೇರವಾಗಿ ಹೊಡೆಯುವ ಇಳಿಜಾರಿನಲ್ಲಿ ನೆರಳಿಗಿದ್ದ ಮರಗಳನ್ನು ನಾನೇ ಕಡಿಸಿದ್ದೆ. ನೆರಳು ತೆಗೆದರೆ ಏನಾಗುತ್ತೆ ಅಂತ ನಾನೇ ಬರೆದಿಟ್ಟಿದ್ದೆ. ಎರಡೂ ನನ್ನದೇ ಮಾತು, ಒಂದೇ ಫೋನು, ಒಂದೇ ಆ್ಯಪು. ಒಂದು ‘ತರಬೇತಿ’ ಅನ್ನುವ ಫೋಲ್ಡರಿನಲ್ಲಿ, ಇನ್ನೊಂದು ‘ಲೆಕ್ಕ’ ಅನ್ನುವ ಫೋಲ್ಡರಿನಲ್ಲಿ. ಮೂರು ವರ್ಷ ಅಕ್ಕಪಕ್ಕ ಕೂತಿದ್ದರೂ ಒಂದಕ್ಕೊಂದು ಮುಖ ನೋಡಿರಲಿಲ್ಲ. ಬೋರರ್‌ಗೆ ಬರೀ ನೆರಳೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಕ್ಕಪಕ್ಕದ ತೋಟದಿಂದಲೂ ಹಾರಿ ಬರುತ್ತದೆ, ಹಿಂದಿನ ವರ್ಷ ಟ್ರೇಸಿಂಗ್ ಸಡಿಲ ಬಿಟ್ಟಿದ್ದರೂ ಬರುತ್ತದೆ. ಆದರೆ ಆ ವರ್ಷ ನಮ್ಮ ಉಳಿದ ಬ್ಲಾಕ್‌ಗಳಲ್ಲಿ ಸಿಕ್ಕಿದ್ದು ಎಲ್ಲ ಸೇರಿ ಹತ್ತೋ ಹನ್ನೆರಡೋ ಗಿಡ.

ಹುಡುಕಿದರೆ ಸಿಗುತ್ತೆ ಅಲ್ವಾ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ಕೇಳಿದ್ದು ಇದನ್ನೇ. “ಸರ್ಚ್ ಇದೆಯಲ್ಲಣ್ಣ, ಒಂದು ಪದ ಹೊಡೆದ್ರೆ ಬರುತ್ತೆ.” ಸರಿ, ಅವನೆದುರಿಗೇ ‘ಬೋರ್’ ಅಂತ ಹೊಡೆದೆ. ಬಂದದ್ದೆಲ್ಲ ಬೋರ್‌ವೆಲ್. ಬೋರ್‌ವೆಲ್ ರಿಪೇರಿ, ಬೋರ್‌ವೆಲ್ ಕೇಬಲ್, ಬೋರ್‌ವೆಲ್ ಸಾಲ. ತಮಾಷೆ ಏನೆಂದರೆ ಮರ ಮಾರಿದ ನೋಟು ಬಂತು, ಹುಳದ ನೋಟು ಬರಲಿಲ್ಲ. ತರಬೇತಿಯಲ್ಲಿ ಹೇಳಿದ ಹಾಗೆ ‘ಕಾಂಡಕೊರಕ’ ಅಂತ ಬರೆದುಕೊಂಡಿದ್ದೆ. ತೋಟದಲ್ಲಿ ಯಾರು ಕಾಂಡಕೊರಕ ಅನ್ನುತ್ತಾರೆ? ಬೋರರ್ ಅನ್ನುತ್ತೇವೆ. ಇನ್ನು ಕೆಲವು ಕಡೆ ಅವಸರಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದ್ದೆ. ಒಂದೇ ಹುಳಕ್ಕೆ ನನ್ನ ಫೋನಿನಲ್ಲಿ ಮೂರು ಹೆಸರು.

ಕನ್ನಡದಲ್ಲಿ ನೋಟು ಬರೆಯುವವರಿಗೆ ಈ ಗೋಳು ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಪದ ಸುಮ್ಮನೆ ಒಂದು ಕಡೆ ಕೂರುವುದಿಲ್ಲ. ‘ತೋಟ’ ಅನ್ನುವುದು ‘ತೋಟಕ್ಕೆ’ ಆಗುತ್ತದೆ, ಅಲ್ಲಿಯವರೆಗೆ ತೊಂದರೆ ಇಲ್ಲ. ‘ಕಾಡು’ ಅಂತ ಹುಡುಕಿದರೆ ‘ಕಾಡಿನ’ ಸಿಗುವುದಿಲ್ಲ. ‘ಹಳ್ಳ’ ಅಂದರೆ ಸಿಗುತ್ತೆ, ‘ನೀರು’ ಅಂದರೆ ‘ನೀರಿಗೆ’ ಸಿಗುವುದಿಲ್ಲ. ಇದರ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಭೂತ ಇದೆ. ‘ಬ್ಲಾಕ್‌ನಲ್ಲಿ’ ಅಂತ ಬರೆಯುವಾಗ ಕ್ ಒತ್ತಕ್ಷರ ಆಗದೆ ಬಿಡಿಯಾಗಿ ನಿಲ್ಲಲಿ ಅಂತ ಕೀಬೋರ್ಡು ನಡುವೆ ಒಂದು ಕಾಣದ ಅಕ್ಷರ ತೂರಿಸುತ್ತದೆ. ಅದು ಕೆಲವೊಮ್ಮೆ ಪದದ ಕೊನೆಯಲ್ಲೂ ಸುಮ್ನೆ ಉಳಿದುಬಿಡುತ್ತದೆ. ನೋಡಲು ಎರಡೂ ಪದ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಎಷ್ಟು ಸಲ ಈ ಕಾರಣಕ್ಕೆ ಏನೂ ಸಿಕ್ಕಿಲ್ಲ ಅಂತ ಮುಚ್ಚಿಟ್ಟಿದ್ದೇನೋ.

ಆದರೆ ಇದೆಲ್ಲ ಸರಿಹೋದರೂ ನನ್ನ 140 ಗಿಡ ಉಳಿಯುತ್ತಿರಲಿಲ್ಲ. ಮರ ಮಾರುವ ದಿನ ನನ್ನ ತಲೆಯಲ್ಲಿ ಹುಳ ಇರಲೇ ಇಲ್ಲವಲ್ಲ. ಇದ್ದದ್ದು ಸಾಲ. ವ್ಯಾಪಾರಿ ಮರದ ಸುತ್ತಳತೆ ಹಿಡಿಯುತ್ತಿದ್ದ, ನಾನು ಮನಸ್ಸಿನಲ್ಲಿ ಬಡ್ಡಿ ಲೆಕ್ಕ ಹಾಕುತ್ತಿದ್ದೆ. ಅಂಥ ಹೊತ್ತಿನಲ್ಲಿ ಯಾರಾದರೂ ಫೋನ್ ತೆಗೆದು ‘ಕಾಂಡಕೊರಕ’ ಅಂತ ಹುಡುಕುತ್ತಾರಾ? ಹುಡುಕಬೇಕಾದರೆ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. ತಮ್ಮ ಈಗ ಇನ್ನೊಂದು ಹೇಳುತ್ತಾನೆ, ಎಲ್ಲ ನೋಟೂ ಎಐಗೆ ಕೊಟ್ಟುಬಿಡು, ಅದು ಉತ್ತರ ಕೊಡುತ್ತೆ ಅಂತ. ಕೊಡಬಹುದು. ಪ್ರಶ್ನೆ ಕೇಳಬೇಕಾದವನು ಆಗಲೂ ನಾನೇ ತಾನೇ. ನನಗೆ ಬೇಕಾಗಿದ್ದದ್ದು ಬೇರೆ. ‘ಮೂರನೇ ಬ್ಲಾಕ್’ ಅಂತ ಬರೆಯಲು ಕೂತಾಗ ಅದರ ಪಕ್ಕದಲ್ಲಿ ಹಳೆಯ ಮಾತೊಂದು ತಾನಾಗಿ ಬಂದು ಕೂರಬೇಕಿತ್ತು. ಕರೆಯದೆ ಬರುವ ನೆಂಟರ ಹಾಗೆ.

ದೊಡ್ಡಮ್ಮನ ಕೊಂಡಿಗಳು

ನೆಂಟರು ಅಂದಾಗ ದೊಡ್ಡಮ್ಮ ನೆನಪಾಗುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ಒಂದು ಸಲ ಹಾಸನದಲ್ಲಿ ಮದುವೆ. ಮೊದಲ ಪಂಕ್ತಿ ಕೂತಾಗಿತ್ತು, ನಾವು ಎರಡನೇ ಪಂಕ್ತಿಗೆ ಕಾಯುತ್ತಾ ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆವು. ಪಕ್ಕದಲ್ಲಿ ಗುರುತಿಲ್ಲದ ಹೆಂಗಸು ಒಬ್ಬರು. ದೊಡ್ಡಮ್ಮ ಶುರು ಮಾಡಿದರು.

“ಯಾವೂರಾಯ್ತು?”

“ಸಕಲೇಶಪುರದ ಹತ್ರ.”

“ಹತ್ರ ಅಂದ್ರೆ? ಹೆತ್ತೂರು ಕಡೆಯೋ, ಹಾನುಬಾಳು ಕಡೆಯೋ?”

“ಹಾನುಬಾಳು ಕಡೆ.”

“ಹಂಗಾದ್ರೆ ನಮ್ಮ ಕಳಸದ ಚಿಕ್ಕಮ್ಮನ ಸೊಸೆ ತೌರುಮನೆ ನಿಮ್ಮ ಕಡೇನೇ. ಮನೆ ಮುಂದೆ ದೊಡ್ಡ ಹಲಸಿನ ಮರ. ಅವಳ ಅಣ್ಣ ಮೇಷ್ಟ್ರು.”

ಆ ಹೆಂಗಸಿನ ಮುಖ ಅರಳಿತು. ಆ ಮೇಷ್ಟ್ರು ಅವರ ಭಾವ. ಮೂರೇ ಪ್ರಶ್ನೆಯಲ್ಲಿ ಇಬ್ಬರೂ ನೆಂಟರಾಗಿಬಿಟ್ಟರು. ಪಂಕ್ತಿಗೆ ಕರೆಯುವ ಹೊತ್ತಿಗೆ ಅವರ ಸೊಸೆಯ ಬಾಣಂತನದ ವಿಚಾರಕ್ಕೆ ಬಂದಿದ್ದರು.

ಊಟ ಮುಗಿಸಿ ಬರುವಾಗ ನಾನು ಸುಮ್ಮನಿರದೆ “ಹೆಂಗೆ ನೆನಪಿಟ್ಕೊಳ್ತೀಯಾ ದೊಡ್ಡಮ್ಮ, ಕೊನೆಗೆ ಎಲ್ರೂ ನೆಂಟ್ರೇ ಅಲ್ವಾ?” ಅಂದೆ. ಅವರಿಗೆ ಸಿಟ್ಟು ಬಂತು. “ಬರೀ ನೆಂಟ್ರು ಅಂದ್ರೆ ಏನು ಬಂತು ಮಗಾ? ಹೆಂಗೆ ನೆಂಟ್ರು ಅಂತ ಹೇಳ್ಬೇಕು. ಹೆಣ್ಣು ಕೊಟ್ಟೋರಾ, ತಂದೋರಾ, ಗದ್ದೆ ತಕರಾರಲ್ಲಿ ಮಾತು ಬಿಟ್ಟೋರಾ. ಅದು ಗೊತ್ತಿಲ್ಲದಿದ್ರೆ ಅವರ ಮನೇಲಿ ಕೂತು ಏನು ಮಾತಾಡ್ತೀಯ?”

ಇದನ್ನು ನಾನು ಆಗ ನಗುತ್ತಾ ಕೇಳಿಸಿಕೊಂಡೆ. ನೋಟುಗಳ ನಡುವೆ ಕೊಂಡಿ ಹಾಕಲು ಶುರು ಮಾಡಿದ ಮೇಲೆ ಅರ್ಥವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮನುಷ್ಯನ ತಲೆ ಓಡುವುದು ಅಕ್ಷರಮಾಲೆಯಂತೆ ಅಲ್ಲ, ಒಂದರಿಂದ ಒಂದಕ್ಕೆ ಕೊಂಡಿ ಹಿಡಿದು ಅಂತ ಅಮೆರಿಕದ ಇಂಜಿನಿಯರ್ ವ್ಯಾನಿವರ್ ಬುಷ್ 1945ರ ಜುಲೈನಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದರು. ಮೆಮೆಕ್ಸ್ ಅಂತ ಒಂದು ಮೇಜನ್ನು ಕಲ್ಪಿಸಿಕೊಂಡಿದ್ದರು. ಪುಸ್ತಕ, ಕಾಗದ ಪತ್ರ ಎಲ್ಲ ಮೈಕ್ರೊಫಿಲ್ಮ್ ಆಗಿ ಅದರೊಳಗೆ. ಎರಡು ಪುಟ ಎದುರೆದುರು ಇಟ್ಟು ಒಂದು ಗುಂಡಿ ಒತ್ತಿದರೆ ಅವು ಶಾಶ್ವತವಾಗಿ ಜೋಡಿ. ಅವರು ಕೊಟ್ಟ ಉದಾಹರಣೆ ಚೆನ್ನಾಗಿದೆ. ಒಬ್ಬನಿಗೆ, ಟರ್ಕಿಯವರ ಗಿಡ್ಡ ಬಿಲ್ಲು ಇಂಗ್ಲಿಷರ ಉದ್ದ ಬಿಲ್ಲಿಗಿಂತ ಯಾಕೆ ಮೇಲಾಯಿತು ಅಂತ ಕುತೂಹಲ. ಅವನು ಇತಿಹಾಸದ ಪುಟ ಓದುತ್ತಾ ಓದುತ್ತಾ, ಎಳೆದು ಬಿಟ್ಟರೆ ಮೊದಲಿನಂತಾಗುವ ವಸ್ತುಗಳ ಗುಣ ಹೇಳುವ ಭೌತಶಾಸ್ತ್ರದ ಪುಟಕ್ಕೆ ಹೋಗುತ್ತಾನೆ, ನಡುವೆ ತನ್ನದೊಂದು ಟಿಪ್ಪಣಿ ಸೇರಿಸುತ್ತಾನೆ. ಆ ನಡೆದ ದಾರಿಯೇ ಉಳಿಯುತ್ತದೆ. ವರ್ಷಗಳ ಮೇಲೆ ಸ್ನೇಹಿತನೊಬ್ಬ ಬೇರೇನೋ ಮಾತಾಡುವಾಗ ಆ ದಾರಿ ಮತ್ತೆ ಕೆಲಸಕ್ಕೆ ಬರುತ್ತದೆ. ಮೆಮೆಕ್ಸ್ ಯಂತ್ರ ಆಗಲೇ ಇಲ್ಲ. ನಮ್ಮ ದೊಡ್ಡಮ್ಮ ಆಗಿದ್ದರು.

ಜರ್ಮನಿಯಲ್ಲೊಂದು ಪೋಡಿ

ಈ ವಿಷಯ ಓದಲು ಶುರು ಮಾಡಿದ ಯಾರಿಗಾದರೂ ನಿಕ್ಲಾಸ್ ಲೂಮನ್ ಸಿಗದೇ ಇರುವುದಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ, 1927ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು. ನಲವತ್ತಕ್ಕೂ ಹೆಚ್ಚು ವರ್ಷ ಚೀಟಿ ಬರೆದರು. ಮರದ ಡ್ರಾಯರ್‌ಗಳಲ್ಲಿ ಸುಮಾರು 90,000 ಚೀಟಿ. ಅದರಿಂದ ಐವತ್ತಕ್ಕೂ ಮೀರಿದ ಪುಸ್ತಕ, ನೂರಾರು ಲೇಖನ. ಆ ಚೀಟಿಗಳನ್ನು ಬೀಲೆಫೆಲ್ಡ್ ವಿಶ್ವವಿದ್ಯಾಲಯ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಹಾಕುತ್ತಿದೆ. ಜರ್ಮನ್ ಬರದಿದ್ದರೂ ನಾನು ನೋಡಿದ್ದೇನೆ, ಆ ಕೈಬರಹವನ್ನು ನೋಡಲಿಕ್ಕೇ.

ಅವರ ನಂಬರ್ ಹಾಕುವ ಪದ್ಧತಿ ಬಗ್ಗೆ ಪುಟಗಟ್ಟಲೆ ವಿವರಣೆ ಓದಿ ನನಗೆ ತಲೆ ಕೆಟ್ಟಿತ್ತು. ಆಮೇಲೊಂದು ದಿನ ತಾಲ್ಲೂಕು ಆಫೀಸಿನ ಬೆಂಚಿನ ಮೇಲೆ ಪಹಣಿ ಹಿಡಿದು ಕೂತಾಗ ಥಟ್ಟನೆ ಹೊಳೆಯಿತು. ಇದು ಪೋಡಿ! ಸರ್ವೆ ನಂಬರ್ 112 ಇರುತ್ತದೆ. ಅಣ್ಣತಮ್ಮಂದಿರು ಭಾಗ ಆದರೆ 112/1, 112/2. ಅದರಲ್ಲೂ ಒಡೆದರೆ 112/1ಎ, 112/1ಬಿ. ಎಷ್ಟು ಒಡೆದರೂ ಪಕ್ಕದ 113ರವನಿಗೆ ನಂಬರ್ ಬದಲಾಗುವುದಿಲ್ಲ. ಲೂಮನ್ ಚೀಟಿಯೂ ಹೀಗೇ. 21 ಅನ್ನುವ ಚೀಟಿಗೆ ಮುಂದುವರಿದ ಮಾತು 21/1. ಅದರ ನಡುವಿನ ಒಂದು ಪದ ಹಿಡಿದು ಬೇರೆ ಯೋಚನೆ ಕವಲೊಡೆದರೆ 21/1ಎ, ಅದು 21/1, 21/2 ಎರಡರ ಮಧ್ಯೆ ಹೋಗಿ ಕೂರುತ್ತದೆ. ನಂಬರ್ ಅಂದರೆ ವಿಷಯ ಅಲ್ಲ, ವಿಳಾಸ. ವಿಳಾಸ ಬದಲಾಗದೇ ಇರುವುದರಿಂದ ಯಾವ ಚೀಟಿಯಿಂದ ಯಾವ ಚೀಟಿಗೆ ಬೇಕಾದರೂ ‘ಅಲ್ಲಿ ನೋಡು’ ಅಂತ ಬರೆಯಬಹುದು.

1981ರಲ್ಲಿ ತಮ್ಮ ಚೀಟಿ ಪೆಟ್ಟಿಗೆ ಬಗ್ಗೆಯೇ ಲೂಮನ್ ಒಂದು ಲೇಖನ ಬರೆದರು. ಪೆಟ್ಟಿಗೆ ಅಂದರೆ ಮಾತಿಗೆ ಸಿಗುವ ಜೊತೆಗಾರ, ಅದು ನಮಗೇ ಆಶ್ಚರ್ಯ ಆಗುವಂಥದ್ದನ್ನು ಹೇಳಬೇಕು ಅನ್ನುವುದು ಅದರ ಸಾರ. ನನಗೆ ಇನ್ನೂ ಇಷ್ಟವಾದದ್ದು ಅವರ ಪದಸೂಚಿ. ಒಂದು ಪದದ ಮುಂದೆ ಇರುವ ಎಲ್ಲ ಚೀಟಿಗಳ ನಂಬರನ್ನೂ ಬರೆಯುತ್ತಿರಲಿಲ್ಲ. ಒಂದೋ ಎರಡೋ, ಅಷ್ಟೇ. ಹೆಬ್ಬಾಗಿಲು ಗೊತ್ತಾದರೆ ಸಾಕು, ಒಳಗೆ ಹೋದ ಮೇಲೆ ಚೀಟಿಗಳೇ ಕೈ ಹಿಡಿದು ಕರೆದುಕೊಂಡು ಹೋಗುತ್ತವೆ. ದೊಡ್ಡಮ್ಮ ಆ ಹೆಂಗಸಿಗೆ ಸಕಲೇಶಪುರದ ಎಲ್ಲ ಮನೆಯ ಪಟ್ಟಿ ಹೇಳಲಿಲ್ಲ ನೋಡಿ.

ಇಷ್ಟು ಹೇಳಿದ ಮೇಲೆ ಒಂದು ತಕರಾರೂ ಇದೆ. ಲೂಮನ್ ಹೆಸರು ಹೇಳಿಕೊಂಡು ಇವತ್ತು ಆ್ಯಪು, ಕೋರ್ಸು, ವಿಡಿಯೊ ಎಲ್ಲ ನಡೆಯುತ್ತಿವೆ. ಅವರು ಪುಸ್ತಕ ಬರೆಯುವ ಕೆಲಸದವರು. ಚೀಟಿ ಅವರ ನೇಗಿಲು. ನಾವು ಎಷ್ಟೋ ಜನ ನೇಗಿಲಿಗೆ ಬಣ್ಣ ಹೊಡೆಯುತ್ತಾ ಗದ್ದೆಗೆ ಇಳಿಯುವುದೇ ಇಲ್ಲ. ನಾನೂ ಒಂದು ಮಳೆಗಾಲ ಪೂರ್ತಿ ಅದನ್ನೇ ಮಾಡಿದೆ.

ಅಪ್ಪನ ಡೈರಿ

ಅಪ್ಪ 2016ರಲ್ಲಿ ಹೋದರು. 1978ರಿಂದ ಹಿಡಿದು ಕೊನೆಯ ವರ್ಷದವರೆಗೆ ಡೈರಿ ಬರೆದಿದ್ದರು. ಸಹಕಾರ ಸಂಘ, ಗೊಬ್ಬರದ ಅಂಗಡಿ, ಬ್ಯಾಂಕು, ಯಾರು ಪುಕ್ಕಟೆ ಕೊಟ್ಟರೋ ಅವರ ಡೈರಿ. ದಿನಕ್ಕೆ ಎರಡು ಸಾಲು, ಮೂರು ಸಾಲು. ಮಳೆ ಎಷ್ಟು, ಆಳು ಎಷ್ಟು, ಎಲ್ಲಿ ಕೆಲಸ. ಮಳೆ ಇಂಚು, ಸೆಂಟ್ಸ್ ಲೆಕ್ಕದಲ್ಲಿ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್). ಮಿಲಿಮೀಟರ್ ಬಂದು ಎಷ್ಟೋ ಕಾಲ ಆದರೂ ನಮ್ಮ ಕಡೆ ತೋಟದವರು ಇನ್ನೂ ಫೋನ್ ಮಾಡಿ ಕೇಳುವುದು “ನಿಮ್ಗೆ ಎಷ್ಟು ಸೆಂಟ್ಸ್ ಬಂತು?” ಅಂತಲೇ. ಅಟ್ಟದ ಮೇಲೆ ತಗಡಿನ ಟ್ರಂಕಿನಲ್ಲಿ ಒಟ್ಟಿದ್ದ ಆ ಡೈರಿಗಳನ್ನು ಬೋರರ್ ಬಿದ್ದ ವರ್ಷ ಕೆಳಗಿಳಿಸಿದೆ. ಹಿಂದೆ ಯಾವಾಗಾದರೂ ಮೂರನೇ ಬ್ಲಾಕ್‌ನಲ್ಲಿ ಹೀಗಾಗಿತ್ತಾ ಅಂತ ನೋಡಲು.

ತಾರೀಕಿನ ಪ್ರಕಾರ ಇರುವ ಪುಸ್ತಕದಲ್ಲಿ ಬ್ಲಾಕ್ ಹುಡುಕುವುದು ಅಂದರೆ ಭತ್ತದ ರಾಶಿಯಲ್ಲಿ ಉಂಗುರ ಹುಡುಕಿದ ಹಾಗೆ. (ಶಾಸನ ಓದುವವರಿಗೆ ಇದು ಅಭ್ಯಾಸ ಇರುತ್ತದೆ. ಬ್ರಿಟಿಷರ ಕಾಲದ ಶಾಸನತಜ್ಞ ಬಿ.ಎಲ್. ರೈಸ್ ನಮ್ಮ ಕಡೆಯ ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದಾಗ ಜಿಲ್ಲೆ, ತಾಲ್ಲೂಕು, ನಂಬರ್ ಅಂತ ಜೋಡಿಸಿದರು. ಹಾಸನ ಐದನೇ ಸಂಪುಟ. ನಮ್ಮದು ಆರನೆಯದು, ಆಗ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತ ಹೆಸರು. ಕಲ್ಲು ಎಲ್ಲಿದೆ ಅಂತ ಕೇಳಿದರೆ ತಕ್ಷಣ ಸಿಗುತ್ತದೆ. ಒಬ್ಬ ಹೊಯ್ಸಳ ದೊರೆ ಏನೇನು ಮಾಡಿದ ಅಂತ ಕೇಳಿದರೆ ಸಂಪುಟದಿಂದ ಸಂಪುಟಕ್ಕೆ ಅಲೆಯಬೇಕು. ಇಡುವವನಿಗೆ ಅನುಕೂಲ ಆದದ್ದು ಹುಡುಕುವವನಿಗೆ ಅನುಕೂಲ ಆಗಬೇಕು ಅಂತೇನಿಲ್ಲ.)

ಬೋರರ್ ಬಗ್ಗೆ ಜಾಸ್ತಿ ಏನೂ ಸಿಗಲಿಲ್ಲ. ಬೇರೊಂದು ಸಿಕ್ಕಿತು. 1999ರ ಡೈರಿಯಲ್ಲಿ ಹೀಗಿತ್ತು: “ಮಾ. 9. ಮಳೆ 0.30. ಸಾಲದು. ನೀರು ಹೊಡೆಯಲೇ? 88ರ ಮಾ. 14 ನೋಡು.”

ಓದುವವರಲ್ಲಿ ಕಾಫಿಯ ಗಂಧ ಇಲ್ಲದವರಿಗೆ ಒಂದು ಮಾತು. ಬೇಸಿಗೆಯಲ್ಲಿ ಕಾಫಿ ಗಿಡದ ಮೊಗ್ಗು ಹೂಮಳೆಗೆ ಕಾಯುತ್ತಾ ಇರುತ್ತದೆ. ಒಂದು ಇಂಚಿನ ಆಸುಪಾಸು ಬಂದರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಕಾಲು ಇಂಚು, ಅರೆ ಇಂಚು ಬಂದು ನಿಂತರೆ ಕಷ್ಟ. ಮೊಗ್ಗು ಎಚ್ಚರಾಗಿರುತ್ತದೆ, ಅರಳಲು ಶಕ್ತಿ ಸಾಲುವುದಿಲ್ಲ. ಆಗ ಕೆರೆಯಿಂದ ಸ್ಪ್ರಿಂಕ್ಲರ್ ಹಚ್ಚಬೇಕು. ಹಚ್ಚಿದ ಮಾರನೇ ದಿನ ಮಳೆ ಬಂದರೆ ಡೀಸೆಲ್ ದುಡ್ಡು ನೀರಿಗೆ ಹೋಯಿತು. ಹಚ್ಚದೇ ಇದ್ದು ಮಳೆ ಬರದಿದ್ದರೆ ವರ್ಷದ ಫಸಲೇ ಹೋಯಿತು.

ಟ್ರಂಕಿನಿಂದ 88 ತೆಗೆದೆ. ಮಾರ್ಚ್ 14. “ಮಳೆ 0.35. ಸಾಲದು ಅಂತ ಗೊತ್ತಿದ್ದೂ ಸುಮ್ಮನಿದ್ದೆ. ನಾಳೆ ಬರುತ್ತೆ ಅಂದರು ಎಲ್ಲರೂ.” ಕೆಳಗೆ ಎರಡು ಬೆರಳಷ್ಟು ಜಾಗ ಬಿಟ್ಟು ಇನ್ನೊಂದು ಸಾಲು, “ಬರಲಿಲ್ಲ.” ಮೇಲಿನದೆಲ್ಲ ನೀಲಿ ಶಾಯಿ. ಅದರ ಪಕ್ಕ, ಅಂಚಿನಲ್ಲಿ, ಓರೆಯಾಗಿ, ಕಪ್ಪು ಬಾಲ್‌ಪೆನ್ನಿನಲ್ಲಿ ಸಣ್ಣದಾಗಿ ಬರೆದಿತ್ತು: “99ರ ಮಾ. 9 ನೋಡು. ಈ ಸಲ ಹೊಡೆದೆ.”

ನಾನು ಟ್ರಂಕಿನ ಪಕ್ಕ ಹಾಗೇ ಕೂತೆ. 1999ರಲ್ಲಿ ಅಪ್ಪ ಅಟ್ಟ ಹತ್ತಿದ್ದಾರೆ. ಹನ್ನೊಂದು ವರ್ಷ ಹಳೆಯ ಡೈರಿ ಹುಡುಕಿ ತೆಗೆದಿದ್ದಾರೆ. ಓದಿ ನಿರ್ಧಾರ ಮಾಡಿದ್ದಾರೆ. ಅಷ್ಟಕ್ಕೇ ಮುಚ್ಚಿಡಲಿಲ್ಲ. ಹಳೆಯ ಪುಟದಿಂದಲೂ ಹೊಸ ಪುಟಕ್ಕೆ ದಾರಿ ಬರೆದು, ಮತ್ತೆ ಟ್ರಂಕಿನಲ್ಲಿಟ್ಟಿದ್ದಾರೆ. ಇವತ್ತು ಅಬ್ಸಿಡಿಯನ್‌ನಂಥ ಆ್ಯಪುಗಳು ಬ್ಯಾಕ್‌ಲಿಂಕ್ ಅಂತ ಇದನ್ನೇ ತಾವಾಗಿ ಮಾಡಿಕೊಡುತ್ತವೆ. ಒಂದು ನೋಟಿನಿಂದ ಇನ್ನೊಂದಕ್ಕೆ ಕೊಂಡಿ ಹಾಕಿದರೆ ಆ ಕಡೆಯಿಂದಲೂ ಕಾಣುತ್ತದೆ. ಅಪ್ಪ ಏಣಿ ಹತ್ತಿ ಮಾಡಿದ್ದರು. 99ರ ಡೈರಿಯಲ್ಲಿ ಮಾರನೇ ದಿನದ ಸಾಲು ಕೂಡ ನೋಡಿದೆ: “ನೀರು ಹೊಡೆಯಲು ಶುರು. ಪೈಪು ಮೂರು ಕಡೆ ಲೀಕು.” ಹೂವು ಬಂತೋ ಇಲ್ಲವೋ ಅಂತ ಮುಂದೆ ಹತ್ತು ಪುಟ ತಿರುವಿದೆ. 19ರಂದು ಒಂದೇ ಪದ ಇತ್ತು. “ಹೂವು.”

ಯಾಕೆ ಅಂತ ಬರೆಯುವುದು

ಆಮೇಲೆ ನಾನು ಹಳೆಯ ಆ್ಯಪು ಬಿಟ್ಟು ಅಬ್ಸಿಡಿಯನ್‌ಗೆ ಬಂದೆ. 2020ರಲ್ಲಿ ಬಂದ ತಂತ್ರಾಂಶ ಇದು. ನೋಟುಗಳು ನಮ್ಮ ಕಂಪ್ಯೂಟರಿನಲ್ಲೇ ಸಾದಾ ಟೆಕ್ಸ್ಟ್ ಫೈಲಾಗಿ ಇರುತ್ತವೆ. ನಾಳೆ ಆ ಕಂಪನಿ ಬಾಗಿಲು ಹಾಕಿದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಜೋಡಿ ಚೌಕ ಆವರಣದೊಳಗೆ ಇನ್ನೊಂದು ನೋಟಿನ ಹೆಸರು ಬರೆದರೆ, [[ಮರಗಸಿ]] (ನೆರಳಿನ ಮರಗಳ ಕೊಂಬೆ ಸವರುವುದು) ಅಂತ, ಅಲ್ಲಿಗೆ ಕೊಂಡಿ. ಅಷ್ಟು ಸುಲಭ. ಅದೇ ಎಡವಟ್ಟಾಯಿತು.

ಮೊದಲ ಆರು ತಿಂಗಳು ಸಿಕ್ಕಸಿಕ್ಕ ಪದಕ್ಕೆಲ್ಲ ಕೊಂಡಿ ಹಾಕಿದೆ. [[ಮಳೆ]], [[ಆಳು]], [[ಗೊಬ್ಬರ]]. ಗ್ರಾಫ್ ಅಂತ ಒಂದು ಚಿತ್ರ ಬರುತ್ತದೆ, ನೋಟೆಲ್ಲ ಚುಕ್ಕಿ, ಕೊಂಡಿಯೆಲ್ಲ ಗೆರೆ. ದಿನಾ ರಾತ್ರಿ ಅದು ದಟ್ಟವಾಗುವುದನ್ನು ನೋಡುವುದೇ ಒಂದು ಸಂತೋಷ. ಹೆಂಡತಿ ಒಮ್ಮೆ ಹಿಂದೆ ನಿಂತು ನೋಡಿ “ಜೇಡರ ಬಲೆ ಚೆನ್ನಾಗಿದೆ, ನೊಣ ಏನಾದ್ರೂ ಬಿತ್ತಾ?” ಅಂದಳು. ಬಿದ್ದಿರಲಿಲ್ಲ. ‘ಮಳೆ’ ನೋಟು ತೆರೆದರೆ ಮುನ್ನೂರು ಕೊಂಡಿ. ಎಲ್ಲರೂ ನೆಂಟರೇ. ಹೇಗೆ ನೆಂಟರು ಅಂತ ಮಾತ್ರ ಒಂದರಲ್ಲೂ ಇಲ್ಲ. ದೊಡ್ಡಮ್ಮನ ಸಿಟ್ಟು ಅರ್ಥವಾದದ್ದು ಆಗ.

ಈಗ ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಕೊಂಡಿ ಹಾಕಿದರೆ ಯಾಕೆ ಅಂತ ಒಂದು ಸಾಲು ಬರೆಯಬೇಕು. ಬರೆಯಲು ಆಗದಿದ್ದರೆ ಕೊಂಡಿ ಬೇಡ. ಮೊನ್ನೆ ಬರೆದ ಒಂದನ್ನು ಇದ್ದ ಹಾಗೇ ಕೊಡುತ್ತೇನೆ: “ಐದನೇ ಬ್ಲಾಕ್‌ನಲ್ಲಿ ಮರಗಸಿ ಈ ಸಲ ಹಗುರ ಮಾಡಿಸಬೇಕು. [[ಕಾಂಡಕೊರಕ]] ನೋಡು, ಯಾಕಂದರೆ ಇದೂ ಪಡುವಣ ಇಳಿಜಾರು, ಇಲ್ಲಿನ ಹಾಲುವಾಣ ಮರ ಕಳೆದ ವರ್ಷವೇ ಎರಡು ಒಣಗಿದೆ. ಆದರೆ [[ಎಲೆ ತುಕ್ಕು]] ಕೂಡ ನೋಡು, ಯಾಕಂದರೆ ನೆರಳು ದಟ್ಟ ಬಿಟ್ಟು ತೇವ ನಿಂತರೆ ಅದು ಜಾಸ್ತಿ.” ಈ ಎರಡನೇ ಕೊಂಡಿ ಹಾಕುವ ತನಕ ನನ್ನ ತಲೆಯಲ್ಲಿ ನೆರಳು ಜಾಸ್ತಿಯಾದಷ್ಟೂ ಒಳ್ಳೆಯದು ಅಂತಲೇ ಇತ್ತು. ಸುಟ್ಟುಕೊಂಡ ಬೆಕ್ಕಿನ ಬುದ್ಧಿ. ‘ಯಾಕಂದರೆ’ ಅಂತ ಬರೆಯಲು ಹೋದಾಗ ಎರಡೂ ಒಂದಕ್ಕೊಂದು ಜಗಳ ಆಡುತ್ತಿವೆ ಅಂತ ಕಂಡಿತು. ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಮರ ಮರ ನೋಡಿ ಹೇಳಿದೆ, ಇದನ್ನು ಮುಟ್ಟಬೇಡ, ಇದರ ಕೆಳಗಿನ ಎರಡು ಕೊಂಬೆ ತೆಗಿ ಅಂತ.

ಈ ಅರ್ಧ ನಿಮಿಷ ಇದೆಯಲ್ಲ, ಬರೆಯುವುದನ್ನು ನಿಲ್ಲಿಸಿ ‘ಇದು ನನ್ನ ಯಾವ ಹಳೆಯ ಮಾತಿಗೆ ತಾಗುತ್ತೆ’ ಅಂತ ಕೇಳಿಕೊಳ್ಳುವುದು, ನನಗೆ ಕೊಂಡಿಯಿಂದ ಆಗುವ ಲಾಭ ಬಹುಪಾಲು ಅಷ್ಟರಲ್ಲೇ ಆಗಿಬಿಟ್ಟಿರುತ್ತದೆ. ಮುಂದೆ ಯಾವಾಗಲೋ ಒತ್ತಿ ಆ ಕಡೆ ಹೋಗುತ್ತೇನೋ ಇಲ್ಲವೋ, ಅದು ಎರಡನೆಯ ಮಾತು. ಹಾಗಾಗಿ ಕೊಂಡಿಗಳನ್ನು ತಾನೇ ಹುಡುಕಿ ಹಾಕಿಕೊಡುವ ಸೌಲಭ್ಯ ಇದ್ದರೂ ಬಳಸುವುದಿಲ್ಲ. ಸಂಬಂಧ ನೋಡುವ ಕೆಲಸವನ್ನೇ ದಲ್ಲಾಳಿಗೆ ಬಿಟ್ಟರೆ ಮನೆಯವರು ಮಾಡುವುದೇನು?

ಹೆಸರಿನ ಗೋಳಿಗೂ ಒಂದು ದಾರಿ ಸಿಕ್ಕಿದೆ. ಒಂದು ನೋಟಿಗೆ ಅಡ್ಡಹೆಸರು ಕೊಡಬಹುದು. ಬೋರರ್, ಕಾಂಡಕೊರಕ, ಬಿಳಿ ಕಾಂಡಕೊರಕ, ಎಲ್ಲ ಒಂದೇ ಮನೆಗೆ ಬರುತ್ತವೆ. ವಿಭಕ್ತಿ ಪ್ರತ್ಯಯ ಆವರಣದ ಹೊರಗೆ ಅಂಟಿಸುತ್ತೇನೆ, [[ಬೋರರ್]]ಗೆ, [[ಬೋರರ್]]ನಿಂದ. ನೋಡಲು ಚೆಂದ ಇಲ್ಲ, ಕೆಲಸ ಆಗುತ್ತದೆ.

ಅರ್ಥವಾಗದ ಒಂದು

ಅಪ್ಪನ ಡೈರಿಗಳನ್ನು ಈಗ ಬಿಡುವಾದಾಗ ನಿಧಾನಕ್ಕೆ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಎಲ್ಲವನ್ನೂ ಅಲ್ಲ, ‘ನೋಡು’ ಅಂತ ಇರುವ ಪುಟಗಳನ್ನು ಮಾತ್ರ. ಇದುವರೆಗೆ 61 ಸಿಕ್ಕಿವೆ. ಬಹಳಷ್ಟು ಓದಿದ ತಕ್ಷಣ ಗೊತ್ತಾಗುತ್ತವೆ. ಕಾಳುಮೆಣಸಿನ ಬಳ್ಳಿ ಸತ್ತದ್ದು ಇನ್ನೊಂದು ವರ್ಷ ಸತ್ತದ್ದಕ್ಕೆ, ಒಬ್ಬ ರೈಟರ್ ಲೆಕ್ಕ ತಪ್ಪಿಸಿದ್ದು ಇನ್ನೊಬ್ಬ ತಪ್ಪಿಸಿದ್ದಕ್ಕೆ. ಅಪ್ಪ ‘ಯಾಕೆ’ ಅಂತ ಬರೆದಿಲ್ಲ. ಅವರಿಗೆ ಬೇಕಿರಲಿಲ್ಲ, ಅವರಿಗೆ ಗೊತ್ತಿತ್ತು.

ಒಂದು ಮಾತ್ರ ಬಿಡಿಸಲಾಗಲಿಲ್ಲ. 2011ರ ಆಗಸ್ಟ್ 21: “ಮಳೆ 2.15. ಹಳ್ಳ ತುಂಬಿದೆ. ಕರೆಂಟ್ ಇಲ್ಲ. 94ರ ಜೂನ್ 5 ನೋಡು.” 94ರ ಜೂನ್ 5ಕ್ಕೆ ಹೋದರೆ ಇಷ್ಟೇ: “ಮಳೆ 0.40. ಮೂಡಿಗೆರೆಗೆ ಹೋಗಿ ಬಂದೆ. ರಾತ್ರಿ ಊಟ ಮಾಡಲಿಲ್ಲ.” ಹಳ್ಳಕ್ಕೂ ಮೂಡಿಗೆರೆಗೂ ಏನು? ಆ ವಾರ, ಆ ತಿಂಗಳು ಎಲ್ಲ ತಿರುವಿ ನೋಡಿದೆ. ಏನೂ ಇಲ್ಲ.

ಎರಡೂ ಡೈರಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. 94ರ ಪುಟವನ್ನು ಎರಡು ಸಲ ಓದಿದರು. ಆಮೇಲೆ ಮುಚ್ಚಿ ನನ್ನ ಕೈಗೆ ಕೊಟ್ಟು, ಒಲೆಯ ಕಡೆ ತಿರುಗಿ, “ಅವತ್ತು ಅವರು ಊಟ ಮಾಡಿದ್ರು ಕಣೋ. ನಾನೇ ಬಡಿಸಿದ್ದೆ” ಅಂದರು.

ಮತ್ತೆ ಕೇಳಲಿಲ್ಲ. ಎರಡು ನೋಟಿನ ನಡುವೆ ಕೊಂಡಿ ಹಾಕಿ, ‘ಯಾಕೆ’ ಅನ್ನುವ ಜಾಗದಲ್ಲಿ ಅಮ್ಮ ಹೇಳಿದ ಆ ಎರಡು ಮಾತನ್ನೇ ಬರೆದಿಟ್ಟಿದ್ದೇನೆ.